ಫೋನ್ ಎತ್ತದ ಅಕ್ಕ

ಜೂನ್ ೩

ತಮ್ಮಾ,

ನಿನ್ನ ಮಿಸ್ಡ್ ಕಾಲ್‌ಗಳನ್ನೆಲ್ಲ ನೋಡಿದೆ. ಇನ್ನು ಮುಂದೆ ಫೋನ್ ಮಾಡಬೇಡ, ಕಾಗದ ಬರಿ. ನಗಬೇಡ, ನಿಜವಾಗಿಯೇ ಹೇಳುತ್ತಿದ್ದೇನೆ. ದಿನವಿಡೀ ಸ್ಟೇಷನ್ನಿನ ಮೈಕಿನ ಮುಂದೆ ಕೂತು ಬರುವ ರೈಲು, ಹೋಗುವ ರೈಲು ಎಲ್ಲವನ್ನೂ ಕೂಗಿ ಮನೆಗೆ ಬಂದರೆ ಮತ್ತೆ ಬಾಯಿ ತೆರೆಯಲು ಮನಸ್ಸಾಗುವುದಿಲ್ಲ. ಅದೂ ಅಲ್ಲದೆ ಫೋನಿನಲ್ಲಿ ನೀನು ಹೇಗಿದ್ದೀಯಾ ಅನ್ನುತ್ತೀಯ, ನಾನು ಚೆನ್ನಾಗಿದ್ದೀನಿ ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಕಾಗದದಲ್ಲಾದರೆ ಒಂದಿಷ್ಟು ನಿಜ ಬರೆಯಬಹುದು.

ನಿಜ ಏನೆಂದರೆ, ನಾನು ಸುಧಾರಿಸಿಲ್ಲ. ಗೋಧಿ ಬಿಟ್ಟು ಒಂದೂವರೆ ವರ್ಷವಾಯಿತು. ಸೀಲಿಯಾಕ್ ಎಂದು ಕಾಯಿಲೆಗೆ ಹೆಸರಿಟ್ಟ ದಿನ ಡಾಕ್ಟರು, "ಗೋಧಿ, ಮೈದಾ, ಬ್ರೆಡ್ಡು, ಬಿಸ್ಕತ್ತು ಒಂದು ಚೂರೂ ಕೂಡದು. ಕರುಳು ತಾನಾಗೇ ವಾಸಿಯಾಗುತ್ತೆ, ಕುದುರೆ ಥರ ಓಡಾಡ್ತೀರಿ" ಅಂದಿದ್ದರು. ಮೊದಮೊದಲು ಓಡಾಡಿದೆ ಕೂಡ. ಈ ವರ್ಷದ ಶುರುವಿನಿಂದ ಮತ್ತೆ ಏನೋ ಆಗುತ್ತಿದೆ. ಅನೌನ್ಸ್ ಮಾಡುವ ಕೋಣೆ ಮಹಡಿಯ ಮೇಲಿದೆ ತಾನೆ, ಮೆಟ್ಟಿಲ ನಡುವೆ ಕೂತು ಉಸಿರು ತೆಗೆದುಕೊಂಡು ಹತ್ತುತ್ತೇನೆ. ಬಾಚಣಿಗೆ ತುಂಬಾ ಕೂದಲು. ಎಲ್ಲರೂ ಫ್ಯಾನ್ ಹಾಕಿ ಅನ್ನುವಾಗ ನಾನು ಸ್ವೆಟರ್ ಹಾಕಿಕೊಂಡು ಕೂತಿರುತ್ತೇನೆ. "ಮೇಡಂಗೆ ಮಾತ್ರ ಬೇರೆ ಹವಾಮಾನ" ಅಂತ ಟಿಕೆಟ್ ಕೊಡುವವನು ಆಡಿಕೊಳ್ಳುತ್ತಾನೆ.

ಎಲ್ಲಿಂದಲೋ ಗೋಧಿ ನನ್ನ ಹೊಟ್ಟೆಗೆ ಹೋಗುತ್ತಿದೆ, ಬೇರೆ ಉತ್ತರವೇ ಇಲ್ಲ. ಅಡುಗೆ ಮಾಡುವವರು ನಮ್ಮತ್ತೆ. ಅವರು ಬೇಕಂತಲೇ ಮಾಡುತ್ತಾರೆ ಅನ್ನುತ್ತಿಲ್ಲ. ಆದರೆ ಅವರಿಗೆ ಈಗೀಗ ಕಣ್ಣು ಸರಿಯಾಗಿ ಕಾಣುವುದಿಲ್ಲ.

ಇನ್ನೊಂದು ಮಾತು, ತಪ್ಪು ತಿಳಿಯಬೇಡ. ಕಾಗದವನ್ನು ನಿನ್ನ ಬೇಕರಿಯ ಮೇಜಿನ ಮೇಲಿಟ್ಟುಕೊಂಡು ಬರೆಯಬೇಡ. ಹೋದ ಸಲ ನೀನು ಕಳಿಸಿದ ಪಾರ್ಸೆಲ್ಲಿನ ಮಡಿಕೆಯಲ್ಲಿ ಬಿಳಿ ಹುಡಿ ಇತ್ತು.

ಸುದ್ದಿ ಅಂದರೆ, ಆಗಸ್ಟಿನಲ್ಲಿ ಸ್ಟೇಷನ್ನಿಗೆ ಅನೌನ್ಸ್ ಮಾಡುವ ಯಂತ್ರ ಬರುತ್ತದೆ. ಅದರೊಳಗೆ ನನ್ನ ದನಿಯನ್ನೇ ತುಂಬಿಸುತ್ತಾರಂತೆ. "ನೀನು ಸತ್ತ ಮೇಲೂ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ನೀನೇ ಕೂಗ್ತಿರ್ತೀಯ ಬಿಡು" ಅಂತ ನಿನ್ನ ಭಾವ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ನಿನ್ನ ಮಗಳು ಬನ್ನಮ್ಮನಿಗೆ ಅವಳ ಸೋದರತ್ತೆಯ ಮುತ್ತು.

ನಿನ್ನ ಅಕ್ಕ


ಜೂನ್ ೧೪

ಅಕ್ಕಾ,

ಸ್ನಾನ ಮಾಡಿ, ತಲೆಗೂದಲನ್ನೂ ತೊಳೆದು, ಒಗೆದ ಅಂಗಿ ಹಾಕಿಕೊಂಡು, ಮಹಡಿ ಮೇಲಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಪ್ರೇಮಪತ್ರಕ್ಕೂ ನಾನು ಇಷ್ಟು ಕಷ್ಟಪಟ್ಟವನಲ್ಲ. ಅಂಚೆಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಸಾರ್, ಫೋನ್ ಕೆಟ್ಟೋಯ್ತಾ?" ಅಂದ. "ಇಲ್ಲಪ್ಪ, ಅಕ್ಕ ಕೆಟ್ಟಿದ್ದಾಳೆ" ಅಂದೆ. ಬಯ್ಯಬೇಡ, ನಗಲಿ ಅಂತ ಬರೆದೆ.

ನಿನಗೆ ಏನೂ ಆಗಿಲ್ಲ ಅಕ್ಕಾ. ಭಾವ ಕಳಿಸಿದ ಫೋಟೋ ನೋಡಿದೆ. ಮುಖ ದುಂಡಗೆ ತುಂಬಿಕೊಂಡಿದೆ! ಕಾಯಿಲೆ ಗೊತ್ತಾಗುವ ಮುಂಚೆ ಒಣಗಿದ ಕಡ್ಡಿ ಥರ ಇದ್ದವಳು ನೀನೇನಾ ಅನ್ನಿಸಿತು. ನಮ್ಮನೆಯವಳೂ ನೋಡಿ, "ನಿಮ್ಮಕ್ಕ ಈಗ ಲಕ್ಷಣವಾಗಿ ಕಾಣ್ತಾರೆ" ಅಂದಳು. ಸುಸ್ತು ಯಾರಿಗಿಲ್ಲ ಹೇಳು. ನಾನು ಬೆಳಗಾಗುವುದರೊಳಗೆ ಒಲೆ ಹಚ್ಚಿ, ಹಿಟ್ಟು ನಾದಿ, ಮಧ್ಯಾಹ್ನ ಗಲ್ಲಾದ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತೇನೆ. ವಯಸ್ಸಾಯಿತು, ಅಷ್ಟೆ. ಒಂದು ಗುಟ್ಟು ಕೇಳಲಾ, ಕದ್ದುಮುಚ್ಚಿ ಬಿಸ್ಕತ್ತು ತಿನ್ನುತ್ತಿಲ್ಲ ತಾನೆ?

ಬನ್ನಮ್ಮ ಆರಾಮಾಗಿದ್ದಾಳೆ. ಬಿಸಿ ಬನ್ನು ಒಲೆಯಿಂದ ಇಳಿಯುವ ಹೊತ್ತಿಗೆ ಮೆಟ್ಟಿಲ ಕೊನೆಯಲ್ಲಿ ಹಾಜರು. ಸ್ವಲ್ಪ ಹಟ ಜಾಸ್ತಿಯಾಗಿದೆ, ಸಣ್ಣದಕ್ಕೂ ಅಳುತ್ತಾಳೆ. ಒಂದು ಲಾಭವೂ ಇದೆ. ಹೋದ ವರ್ಷ ನೀನು ಕೊಡಿಸಿದ ಹಳದಿ ಫ್ರಾಕು ಈ ವರ್ಷವೂ ಸರಿಯಾಗೇ ಆಗುತ್ತದೆ. ಇಂಥ ಮಗಳು ಯಾರಿಗುಂಟು!

ಯಂತ್ರದೊಳಗೆ ನಿನ್ನ ದನಿ ಸೇರಿದ ಮೇಲೆ ನಿನಗೆ ಕೆಲಸವೇನು? ಸುಮ್ಮನೆ ಕೂತು ನಿನ್ನನ್ನೇ ಕೇಳಿಸಿಕೊಳ್ಳುವುದೋ?

ನಿನ್ನ ತಮ್ಮ


ಜುಲೈ ೧

ತಮ್ಮಾ,

ನಗಿಸಲು ಬರೆದೆ ಅಂದೆಯಲ್ಲ. ಓದಿ ಅತ್ತುಬಿಟ್ಟೆ.

ಅದು ತುಂಬಿಕೊಂಡ ಮುಖವಲ್ಲ, ಊದಿಕೊಂಡ ಮುಖ. ಬೆಳಗ್ಗೆ ಎದ್ದರೆ ಕಣ್ಣಿನ ರೆಪ್ಪೆ ದಪ್ಪಗಾಗಿರುತ್ತದೆ. ಉಂಗುರ ಬೆರಳಿನಿಂದ ಬರುವುದಿಲ್ಲ, ಸೋಪು ಹಚ್ಚಿ ತೆಗೆದು ಡಬ್ಬಿಯಲ್ಲಿಟ್ಟಿದ್ದೇನೆ. ತಿನ್ನುವುದು ಹಕ್ಕಿಯಷ್ಟು, ಊದುವುದು ಹೀಗೆ. ಕದ್ದು ತಿನ್ನುತ್ತೀಯಾ ಅಂತ ನೀನು ಕೇಳಿದ್ದು ಎದೆಗೆ ಚುಚ್ಚಿತು. ಆ ಕಾಯಿಲೆಯಲ್ಲಿ ನಾನು ಪಟ್ಟ ಪಾಡು ನೋಡಿದವನು ನೀನು. ಬಿಸ್ಕತ್ತಿನ ಆಸೆಗೆ ಮತ್ತೆ ಅಲ್ಲಿಗೆ ಹೋಗುತ್ತೇನಾ?

ನನ್ನ ಪಾತ್ರೆಗಳನ್ನು ಬೇರೆ ಮಾಡಿದ್ದೇನೆ. ಒಂದು ಬಾಣಲೆ, ಎರಡು ಪಾತ್ರೆ, ಒಂದು ಸೌಟು, ನನ್ನದೇ ತಟ್ಟೆ. ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಮೊನ್ನೆ ಕೆಲಸದಿಂದ ಬಂದಾಗ ನಮ್ಮತ್ತೆ ಮಗಳ ಮನೆಯಿಂದ ಬಂದಿದ್ದ ಮೊಮ್ಮಕ್ಕಳಿಗೆ ಗೋಧಿ ಶಾವಿಗೆ ಬೇಯಿಸಿ, ಅದನ್ನು ಕಲಕಿದ ಸೌಟನ್ನೇ ನನ್ನ ಅನ್ನದ ಪಾತ್ರೆಯೊಳಗಿಟ್ಟಿದ್ದರು. ಅವತ್ತು ಬೀಗ ಹಾಕಲು ಮರೆತವಳು ನಾನೇ. ಈಗೀಗ ಎಲ್ಲ ಮರೆಯುತ್ತೇನೆ, ಮೊನ್ನೆ ನಾಲ್ಕನೇ ಪ್ಲಾಟ್‌ಫಾರ್ಮಿನ ರೈಲನ್ನು ಎರಡಕ್ಕೆ ಕಳಿಸಿ ಜನರನ್ನು ಓಡಾಡಿಸಿದೆ. ಆದರೂ ಅತ್ತೆಯ ಮುಂದೆ ಅನ್ನವನ್ನೆಲ್ಲ ಕಸಕ್ಕೆ ಸುರಿದೆ. "ನಂಗೆ ಕಾಣ್ಸಲಿಲ್ಲಮ್ಮ" ಅಂದರು. "ಕಾಣ್ಸಲ್ವೋ, ಕಾಣ್ಸೋದು ಬೇಡ್ವೋ?" ಅಂದುಬಿಟ್ಟೆ. ಅವರು ಸೆರಗಿನಿಂದ ಸೌಟು ಒರೆಸುತ್ತಾ ನಿಂತರು. ನನಗೆ ಆ ಸೆರಗಿನಲ್ಲೂ ಗೋಧಿ ಕಂಡಿತು.

ಭಯವಾಗುತ್ತದೆ ಕಣೋ. ಮನೆಯಲ್ಲಿ ಯಾರ ಕೈಯೂ ಚೊಕ್ಕ ಅನ್ನಿಸುತ್ತಿಲ್ಲ. ರಕ್ತ ಕೊಟ್ಟು ಬಂದಿದ್ದೇನೆ. ಗೋಧಿ ಹೊಟ್ಟೆಗೆ ಹೋಗುತ್ತಿದ್ದರೆ ಅದರಲ್ಲಿ ಗೊತ್ತಾಗುತ್ತದಂತೆ. ಗೊತ್ತಾಗಲಿ. ಆಮೇಲೆ ಯಾರಿಂದ ಅನ್ನುವುದನ್ನು ನಾನು ನೋಡಿಕೊಳ್ಳುತ್ತೇನೆ.

ಹಳದಿ ಫ್ರಾಕನ್ನು ನಾನು ಒಂದಳತೆ ದೊಡ್ಡದೇ ತೆಗೆದಿದ್ದೆನಾ? ನೆನಪಿಲ್ಲ.

ಅಕ್ಕ


ಜುಲೈ ೯

ಅಕ್ಕಾ,

ತಪ್ಪಾಯಿತು. ನನ್ನ ನಾಲಿಗೆಗೆ ಮೂಳೆ ಇಲ್ಲ ಅಂತ ನಿನಗೆ ಗೊತ್ತಲ್ಲ.

ಮೈದಾ ವಿಷಯಕ್ಕೆ ಬಂದರೆ ನನ್ನಷ್ಟು ತಿಳಿದವನು ನಿನಗೆ ಸಿಗುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಅದು ಕೆಳಗೆ ಕೂರುವ ವಸ್ತುವಲ್ಲ. ಮೂಟೆ ಬಿಚ್ಚಿದರೆ ಸಂಜೆವರೆಗೂ ಗಾಳಿಯಲ್ಲೇ ಇರುತ್ತದೆ. ನನ್ನ ಹುಬ್ಬು, ಕಿವಿ, ಗೋಡೆ ಗಡಿಯಾರದ ಗಾಜಿನ ಒಳಗೂ ಮೈದಾ. ನಿಮ್ಮ ಸ್ಟೇಷನ್ನಿನ ತಿಂಡಿ ಅಂಗಡಿ ನಿನ್ನ ಕೋಣೆಯ ಕೆಳಗೇ ಇದೆಯಲ್ಲವಾ? ಕಿಟಕಿ ಮುಚ್ಚಿಕೋ. ಮೈಕನ್ನು ಬೇರೆಯವರೂ ಬಳಸುತ್ತಾರಾ? ಬಾಯಿಗೆ ಅಷ್ಟು ಹತ್ತಿರ ಇಟ್ಟುಕೊಳ್ಳುತ್ತೀಯ, ಒರೆಸಿಕೋ. ಮಾತ್ರೆ, ಪೇಸ್ಟು, ತುಟಿಗೆ ಹಚ್ಚುವುದು ಎಲ್ಲ ನೋಡು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು ಅಕ್ಕಾ. ನಿಮ್ಮತ್ತೆಯನ್ನು ಬಯ್ಯಬೇಡ, ಆದರೆ ಅಡುಗೆಮನೆ ಬಿಟ್ಟುಕೊಡಲೂಬೇಡ.

ಇಲ್ಲಿ ಬನ್ನಮ್ಮನ ನಾಟಕ ಶುರುವಾಗಿದೆ. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ನಾನೂ ಚಕ್ಕರ್ ಹೊಡೆಯಲು ಇದೇ ಆಟ ಆಡುತ್ತಿದ್ದೆ, ನೀನೇ ಕಿವಿ ಹಿಂಡಿ ಕರೆದುಕೊಂಡು ಹೋಗುತ್ತಿದ್ದೆ. ಯಾರ ಮಗಳು ಹೇಳು!

ತಮ್ಮ


ಜುಲೈ ೨೪

ತಮ್ಮಾ,

ರಿಪೋರ್ಟ್ ಬಂತು. ಗೋಧಿಯ ಸುಳಿವೇ ಇಲ್ಲ.

ಡಾಕ್ಟರು ಖುಷಿಯಾಗಿದ್ದರು. "ನಿಮ್ಮ ಪಥ್ಯ ಬಂಗಾರ. ಎಲ್ಲ ರೋಗಿಗಳೂ ಹೀಗಿದ್ರೆ ನಾನು ಅಂಗಡಿ ಮುಚ್ಚಬೇಕು" ಅಂದರು. ಗೋಧಿ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು! ಬೀಗ ಹಾಕಿ, ತೊಳೆದು, ಒರೆಸಿ ಅದನ್ನು ಹೊರಗೆ ಇಡಬಹುದಿತ್ತು. ಈಗ ಯಾವುದನ್ನು ಹೊರಗೆ ಇಡಲಿ?

ಹೊರಗೆ ಕಾಯುವ ಕಡೆ ಒಬ್ಬ ಹಿರಿಯರು ಕೂತಿದ್ದರು. ಅವರ ಹೆಂಡತಿಗೂ ಇದೇ ಕಾಯಿಲೆಯಂತೆ. ಗೋಧಿ ಬಿಟ್ಟರೂ ಸುಧಾರಿಸಲಿಲ್ಲವಂತೆ, ಕೊನೆಗೆ ನೋಡಿದರೆ ಕರುಳಿನಲ್ಲಿ ಕೆಟ್ಟದ್ದು ಬೆಳೆದಿತ್ತಂತೆ. "ಅಪರೂಪ ಅಂತಾರೆ, ನಮಗೇ ಬಂತು" ಅಂದರು. ಅವರು ಆ ಮಾತನ್ನು ಹೇಳದೆ ಇದ್ದಿದ್ದರೆ! ಅಪರೂಪ ಅನ್ನುವುದು ಯಾರಿಗಾದರೂ ಬರಲೇಬೇಕಲ್ಲ ತಮ್ಮಾ. ನಿನ್ನ ಭಾವನಿಗೆ ಹೇಳಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸುತ್ತದೆ. ನೀನೂ ಬಾಯಿ ಬಿಡಬೇಡ.

"ಬೇರೆ ಏನಾದ್ರೂ ತೊಂದ್ರೆ ಇದೆಯಾ?" ಅಂತ ಡಾಕ್ಟರು ಕೇಳಿದರು. ಬಾಗಿಲ ಹೊರಗೆ ಸಾಲು ಕಾಯುತ್ತಿತ್ತು. ಇಲ್ಲ ಅಂತ ತಲೆಯಾಡಿಸಿ ಎದ್ದು ಬಂದೆ.

ನಮ್ಮತ್ತೆ ಮಗಳ ಮನೆಗೆ ಹೋಗಿದ್ದಾರೆ. ಹೋಗುವಾಗ, "ನನ್ನ ಕೈಯಡುಗೆ ಉಂಡು ನಿಂಗೆ ಹೀಗಾಗಿದ್ರೆ ದೇವರು ನನ್ನ ಕೈ ತೆಗೀಲಿ" ಅಂದರು. ರಿಪೋರ್ಟ್ ಬರುವ ಹಿಂದಿನ ದಿನ ಅದು. ಈಗ ಅಡುಗೆಮನೆಯಲ್ಲಿ ಬೀಗ ಹಾಕಿದ ಕಪಾಟು, ನಾನು. ಅನ್ನ, ಬೇಯಿಸಿದ ಆಲೂಗಡ್ಡೆ ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ.

ಬನ್ನಮ್ಮನ ಹೊಟ್ಟೆನೋವು ನಿಂತಿತಾ? ನಾಟಕದ ನೋವು ಭಾನುವಾರ ಬರುವುದಿಲ್ಲ. ಭಾನುವಾರ ನೋಡು.

ಅಕ್ಕ


ಆಗಸ್ಟ್ ೫

ಅಕ್ಕಾ,

ನೀನು ಬೇಡ ಅಂದರೂ ಫೋನ್ ಮಾಡಿದೆ. ಎತ್ತಲಿಲ್ಲ. ಸ್ಟೇಷನ್ನಿನ ಫೋನಿಗೂ ಮಾಡಿದೆ, "ಮೈಕ್ ಮುಂದೆ ಇದ್ದಾರೆ" ಅಂದರು. ಯಾರಿಗೆ ಸುಳ್ಳು ಹೇಳುತ್ತೀರಿ ಎಲ್ಲರೂ?

ನಮಗೆ ಮೈದಾ ತಂದುಕೊಡುವ ಮೂಟೆ ಮಾಮ ಗೊತ್ತಲ್ಲ, ನಿನ್ನ ದನಿ ಕೇಳಿದ ಮೇಲೇ ಬೋಗಿಯಿಂದ ಇಳಿಯುತ್ತೇನೆ ಅಂತ ಯಾವಾಗಲೂ ಹೊಗಳುವವನು. ನಿನ್ನೆ ಲೆಕ್ಕ ಮುಗಿಸಿ ಹೊರಡುವಾಗ, "ನಿಮ್ಮಕ್ಕ ಕೆಲಸ ಬಿಟ್ರಾ? ಈಗ ಅಲ್ಲಿ ಯಾರೋ ಗಂಡಸು ಕೂಗ್ತಾನೆ. ಏನೋಪ್ಪ, ನಿದ್ದೆಗಣ್ಣಲ್ಲಿ ಕೂಗಿದ ಹಾಗಿತ್ತು" ಅಂದ.

ಕೆಲಸದಿಂದ ತೆಗೆದರಾ? ಯಂತ್ರದ ಮಾತೆಲ್ಲ ಕಟ್ಟುಕತೆಯಾ? ಹಾಸಿಗೆ ಹಿಡಿದಿದ್ದೀಯಾ? ಅದಕ್ಕೇ ಫೋನ್ ಬೇಡ, ಕಾಗದ ಬರಿ ಅಂದೆಯಾ? ಒಂದಿಷ್ಟು ನಿಜ ಬರೆಯುತ್ತೇನೆ ಅಂದಿದ್ದೆ, ಒಂದಿಷ್ಟೇ ಬರೆದೆ ಹಾಗಾದರೆ. ಆ ಹಿರಿಯರ ಹೆಂಡತಿಯ ಕತೆ ಓದಿದ ದಿನದಿಂದ ನನಗೂ ಹಿಟ್ಟಿಗೆ ಕೈ ಹಾಕಲು ಭಯ. ನಿನ್ನ ತಲೆಯಲ್ಲಿದ್ದ ಹುಳುವನ್ನು ನನ್ನ ತಲೆಗೆ ಬಿಟ್ಟು ನೀನು ಮಾತ್ರ ಬಾಯಿಗೆ ಬೀಗ ಹಾಕಿಕೊಂಡರೆ ಹೇಗೆ? ಮುಚ್ಚಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಮಗು ಮಲಗಿದೆ. ಚೆನ್ನಾಗಿದೆ.

ತಮ್ಮ


ಆಗಸ್ಟ್ ೧೯

ಅಕ್ಕಾ,

ಕಾಗದವಿಲ್ಲ. ಭಾವನಿಗೆ ಫೋನ್ ಮಾಡಿದೆ. "ಇದ್ದಾಳೆ" ಅಂದರು. ಚೆನ್ನಾಗಿದ್ದಾಳೆ ಅನ್ನಲಿಲ್ಲ, ಇದ್ದಾಳೆ ಅಂದರು. ಹಿಂದೆ ಯಾರೋ ಗಂಡಸು ಕೆಮ್ಮಿ ಏನೋ ಹೇಳಿದ. ಯಾರದು ಅಂದರೆ ಭಾವ ಫೋನ್ ಇಟ್ಟುಬಿಟ್ಟರು. ಮನೆಗೆ ಡಾಕ್ಟರು ಬರುವಷ್ಟು ಆಗಿದೆಯಾ?

ಬಯ್ದದ್ದನ್ನು ಮರೆತುಬಿಡು. ಒಂದು ಸಾಲು ಬರಿ, ಸಾಕು. ಅಂಗಡಿ ಇವಳಿಗೆ ಬಿಟ್ಟು ಬರಬಹುದಿತ್ತು, ಆದರೆ ಮಗುವನ್ನು ಈಗ ಬಿಟ್ಟು ಬರಲಾಗುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ತಮ್ಮ


ಆಗಸ್ಟ್ ೩೦

ತಮ್ಮಾ,

ಆ ಗಂಡಸು ನಾನೇ.

ಮೂಟೆ ಮಾಮ ಕೇಳಿದ್ದೂ ನನ್ನನ್ನೇ, ಫೋನಿನಲ್ಲಿ ನೀನು ಕೇಳಿದ್ದೂ ನನ್ನನ್ನೇ. ನಿನ್ನ ಭಾವನ ಪಕ್ಕ ನಿಂತು "ಊಟಕ್ಕೆ ಬನ್ನಿ ಅಂತ ಹೇಳಿದ್ದೇನೆ, ಫೋನ್ ಇಡಿ" ಅಂದೆ. ಅದು ನಿನಗೆ ಡಾಕ್ಟರಾಗಿ ಕೇಳಿತು.

ಈ ವರ್ಷದ ಶುರುವಿನಲ್ಲಿ ದನಿ ದಪ್ಪವಾಗತೊಡಗಿತು. ಶೀತ ಅಂದುಕೊಂಡೆ. ಆಮೇಲೆ ನಾಲಿಗೆ ಭಾರವಾಯಿತು, ಊರಿನ ಹೆಸರುಗಳು ಬಾಯಲ್ಲಿ ಹೊರಳುವುದಿಲ್ಲ. ಬಿಸಿನೀರು ಕುಡಿದೆ, ಉಪ್ಪುನೀರು ಮುಕ್ಕಳಿಸಿದೆ. ನಿನಗೆ ಕೇಳಿಸಬಾರದು ಅಂತ ಫೋನ್ ಬೇಡವೆಂದೆ. ನನ್ನ ದನಿ ಬಿಟ್ಟರೆ ನನಗೆ ಬೇರೆ ಯಾವ ವಿದ್ಯೆ ಇದೆ ಹೇಳು?

ಮೊನ್ನೆ ದನಿ ತುಂಬಿಸುವ ದಿನ ಬಂತು. ಯಂತ್ರದವನು ಪಕ್ಕದ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ, ನನ್ನ ಮುಖ ನೋಡಿರಲಿಲ್ಲ. ನಾನು "ಪ್ರಯಾಣಿಕರ ಗಮನಕ್ಕೆ" ಅಂದೆ. ಅವನು ಅಲ್ಲಿಂದಲೇ, "ಸಾರ್, ನೀವು ಎದ್ದು ಮೇಡಂಗೆ ಜಾಗ ಬಿಡಿ" ಅಂದ. ಸ್ಟೇಷನ್ ಮಾಸ್ತರರು ತಲೆ ತಗ್ಗಿಸಿದರು. ನಾನು ಎದ್ದು ಮೆಟ್ಟಿಲು ಇಳಿದು, ಪ್ಲಾಟ್‌ಫಾರ್ಮಿನ ಕೊನೆಯವರೆಗೂ ನಡೆದು ಹೋಗಿ, ಯಾರೂ ಇಲ್ಲದ ಕಡೆ ಕೂತು ಅತ್ತೆ. ಅಳುವೂ ಗಂಡಸಿನ ಅಳುವೇ.

ಅಲ್ಲಿಂದ ನೇರವಾಗಿ ಡಾಕ್ಟರ ಹತ್ತಿರ ಹೋದೆ. ಮಾತಾಡಲು ನಾಚಿಕೆಯಾಗಿ, ಬ್ಯಾಗಿನಲ್ಲಿದ್ದ ನಿನ್ನ ಕಾಗದ ತೆಗೆದು ಮೂಟೆ ಮಾಮನ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಓದಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಏನಾದ್ರೂ ಮಾತಾಡಿ" ಅಂದರು. "ಏನು ಮಾತಾಡ್ಲಿ?" ಅಂದೆ. ಪೆನ್ನು ಕೆಳಗಿಟ್ಟು ಎದ್ದು ಬಂದರು.

"ಈ ದನಿ ಯಾವಾಗಿಂದ?"

"ಈ ವರ್ಷ ಶುರುವಾದಾಗಿಂದ."

"ನನಗ್ಯಾಕೆ ಹೇಳಲಿಲ್ಲ?"

"ನೀವು ಹೊಟ್ಟೆ ಡಾಕ್ಟರಲ್ವಾ? ಗಂಟಲಿನ ವಿಷಯ ನಿಮಗ್ಯಾಕೆ ಅಂತ."

ಅವರು ಹಣೆ ಒತ್ತಿಕೊಂಡರು. "ನಾನೂ ಹೊಟ್ಟೆ ಬಿಟ್ಟು ಬೇರೇನೂ ಕೇಳಲಿಲ್ಲ ಬಿಡಿ" ಅಂದರು. ನೀರು ಕೊಟ್ಟು, ಗುಟುಕರಿಸುವಾಗ ಕುತ್ತಿಗೆಯ ಮೇಲೆ ಬೆರಳಿಟ್ಟು ನೋಡಿದರು. ಅಲ್ಲೇ ಬೆರಳು ನಿಂತಿತು. ಚಳಿಯಾ, ಮಲಬದ್ಧತೆಯಾ, ಮರೆವಾ, ಚರ್ಮ ಒಣಗುತ್ತಾ ಅಂತ ಒಂದಾದ ಮೇಲೊಂದು ಕೇಳಿದರು. ಎಲ್ಲಕ್ಕೂ ಹೂಂ ಅಂದೆ. ಮತ್ತೆ ರಕ್ತ ತೆಗೆದುಕೊಂಡರು, ಕುತ್ತಿಗೆಯ ಸ್ಕ್ಯಾನ್ ಬರೆದರು.

ಏನು ಅಂತ ಇನ್ನೂ ಹೇಳಿಲ್ಲ. ಹೊಟ್ಟೆಯಲ್ಲಿ ಅಂದುಕೊಂಡದ್ದು ಗಂಟಲಿಗೆ ಏರಿದೆಯೇನೋ. ಕನ್ನಡಿಯ ಮುಂದೆ ನಿಂತು ಕುತ್ತಿಗೆ ಮುಟ್ಟಿ ಮುಟ್ಟಿ ಅಲ್ಲಿ ಕೆಂಪಾಗಿದೆ.

ಅಕ್ಕ


ಸೆಪ್ಟೆಂಬರ್ ೮

ತಮ್ಮಾ,

ಥೈರಾಯ್ಡ್ ಅಂತೆ. ಕುತ್ತಿಗೆಯಲ್ಲಿರುವ ಗ್ರಂಥಿ ಊದಿದೆ, ಕೆಲಸ ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದೆ. ಕೆಟ್ಟ ಗಂಟು ಇಲ್ಲ. ಇಲ್ಲ ಅಂತ ಇನ್ನೊಂದು ಸಲ ಹೇಳಿ ಅಂದೆ, ಹೇಳಿದರು.

ಗೋಧಿಯ ಮೇಲೆ ಸಿಟ್ಟಾಗಿ ನನ್ನ ಮೈ ನನ್ನ ಕರುಳನ್ನೇ ಹೊಡೆಯುತ್ತಿತ್ತಲ್ಲ, ಅದೇ ಮೈ ಈಗ ಈ ಗ್ರಂಥಿಯನ್ನೂ ಹೊಡೆಯುತ್ತಿದೆಯಂತೆ. ಸೀಲಿಯಾಕ್ ಇರುವವರಲ್ಲಿ ಇದು ಬೇರೆಯವರಿಗಿಂತ ಹೆಚ್ಚು. ಪಥ್ಯ ಸರಿಯಾಗಿದ್ದೂ ಸುಸ್ತು ಹೋಗದಿದ್ದರೆ ಇದನ್ನೂ ನೋಡಬೇಕು, ಯಾರೂ ನೋಡಿರಲಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಅದರಲ್ಲಿ ಗೋಧಿ ಇದೆಯಾ ಅಂತ ಔಷಧಿ ಅಂಗಡಿಯವನನ್ನು ಮೂರು ಸಲ ಕೇಳಿದೆ. ಕರುಳು ಸರಿಯಾಗಿ ಹೀರಿಕೊಳ್ಳದಿದ್ದರೆ ಪ್ರಮಾಣ ಬದಲಿಸಬೇಕು, ಆಗಾಗ ರಕ್ತ ಕೊಡಬೇಕು. ದನಿ ಬರಲು ತಿಂಗಳುಗಳೇ ಬೇಕು. ಪೂರ್ತಿ ಬರುತ್ತದಾ ಅಂದರೆ, "ನೋಡೋಣ" ಅಂದರು. ಆ "ನೋಡೋಣ"ವನ್ನು ದಿನವೂ ನೆನೆಸಿಕೊಳ್ಳುತ್ತೇನೆ.

ನಮ್ಮತ್ತೆಯನ್ನು ಕರೆತರಲು ನಾನೇ ಹೋಗಿದ್ದೆ. ಬಾಗಿಲಲ್ಲಿ ನಿಂತು "ಅತ್ತೇ" ಅಂದರೆ, ಒಳಗಿಂದ "ಯಾರಪ್ಪ ಅದು?" ಅಂದರು. ನನ್ನ ಮುಖ ಹತ್ತಿರದಿಂದ ನೋಡಿದ ಮೇಲೆ ಚಪ್ಪಲಿ ಹಾಕಿಕೊಂಡು ಹೊರಟರು. ಕಪಾಟಿನ ಕೀಲಿ ಈಗ ಅವರ ಹತ್ತಿರ ಇದೆ.

ಈಗ ನಿನ್ನ ವಿಷಯ. ಮುಚ್ಚಿಡುವವರನ್ನು ಕಂಡರೆ ನಿನಗೆ ಆಗುವುದಿಲ್ಲವಲ್ಲ.

ನಿನ್ನ ಕಾಗದಗಳನ್ನೆಲ್ಲ ಮುಂದೆ ಹರಡಿಕೊಂಡು ಕೂತಿದ್ದೇನೆ. ಹಳದಿ ಫ್ರಾಕು ಒಂದು ವರ್ಷವಾದರೂ ಸಾಲುತ್ತದೆ. ಹಟ, ಅಳು, ಹೊಟ್ಟೆನೋವು. ಆಮೇಲಿನ ಎರಡು ಕಾಗದದಲ್ಲಿ ಬನ್ನಮ್ಮನೇ ಇಲ್ಲ, "ಮಗು" ಇದೆ. ಹುಟ್ಟಿದಾಗ ಬನ್ನಿನ ಹಾಗೆ ಉಬ್ಬಿದ್ದಾಳೆ ಅಂತ ಆ ಹೆಸರಿಟ್ಟವನು ನೀನೇ, ಅಳಿಸಿದವನೂ ನೀನೇ. ಯಾಕೆ?

ಡಾಕ್ಟರನ್ನು ಕೇಳಿದೆ. ಇದು ಕುಟುಂಬದಲ್ಲಿ ಹರಿಯುತ್ತದೆ. ನೀನೂ ರಕ್ತ ಕೊಡಬೇಕು, ಅವಳನ್ನಂತೂ ತಡಮಾಡದೆ ತೋರಿಸಬೇಕು. ಒಂದೇ ಒಂದು ಎಚ್ಚರ ಹೇಳಿದರು: ಪರೀಕ್ಷೆಗೆ ಮುಂಚೆ ಗೋಧಿ ನಿಲ್ಲಿಸಬಾರದು. ನಿಲ್ಲಿಸಿದರೆ ಕಾಯಿಲೆ ಇದ್ದರೂ ರಕ್ತದಲ್ಲಿ ಕಾಣದೆ ಹೋಗಬಹುದು.

ಹೆದರಿಕೊಂಡು ಏನಾದರೂ ಮಾಡಿಬಿಟ್ಟಿದ್ದೀಯಾ? ನನ್ನ ತಮ್ಮ ನೀನು, ನನಗೆ ಗೊತ್ತು. ಬರಿ.

ಅಕ್ಕ


ಸೆಪ್ಟೆಂಬರ್ ೨೧

ಅಕ್ಕಾ,

ಮಾಡಿಬಿಟ್ಟಿದ್ದೇನೆ.

ಆ ಹಿರಿಯರ ಹೆಂಡತಿಯ ಕತೆ ಇದ್ದ ನಿನ್ನ ಕಾಗದ ಬಂದ ಮೇಲಿನ ಭಾನುವಾರ, ನೀನು ಹೇಳಿದಂತೆ ನೋಡಿದೆ. ಶಾಲೆ ಇಲ್ಲ, ನಾಟಕ ಬೇಕಿಲ್ಲ. ಆದರೂ ಹೊಟ್ಟೆ ಹಿಡಿದುಕೊಂಡು ಮೂಟೆಗಳ ನಡುವೆ ಮುದುಡಿ ಮಲಗಿದ್ದಳು. ಅಂಗಿ ಎತ್ತಿ ನೋಡಿದೆ. ಹೊಟ್ಟೆ ಡೊಳ್ಳು, ಪಕ್ಕೆಯ ಎಲುಬೆಲ್ಲ ಕಾಣುತ್ತದೆ. ದಿನಾ ಎತ್ತಿ ಆಡಿಸುವ ಮಗು, ನಾನು ನೋಡಿಯೇ ಇರಲಿಲ್ಲ. ನೋಡಿದ್ದೆ, ಆದರೆ ನೋಡಬಾರದು ಅಂತ ಇದ್ದೆ.

ಬನ್ನು ತಿಂದರೆ ಹಲ್ಲು ಹುಳುಕಾಗುತ್ತದೆ ಅಂತ ಅವಳಿಗೂ ಇವಳಿಗೂ ಹೇಳಿ ಎಲ್ಲ ನಿಲ್ಲಿಸಿದೆ. ಇವಳಿಗೂ ಸುಳ್ಳೇ ಹೇಳಿದೆ. ಬೇಕರಿಯವನ ಮಗಳಿಗೆ ಗೋಧಿ ಆಗುವುದಿಲ್ಲ ಅಂದರೆ ಈ ಮನೆ, ಈ ಒಲೆ, ನಾನು, ನನ್ನ ಕೈ, ಎಲ್ಲ ಏನಾಗಬೇಕು? ಡಾಕ್ಟರ ಹತ್ತಿರ ಹೋಗದಿದ್ದರೆ ಹೆಸರು ಇಡುವವರಿಲ್ಲ ಅಂದುಕೊಂಡೆ. ಸುಮ್ಮನೆ ಬಿಡಿಸಿ ನೋಡೋಣ, ವ್ಯತ್ಯಾಸ ಕಾಣದಿದ್ದರೆ ಆ ಕಾಯಿಲೆ ಅಲ್ಲ ಅಂತ ನಿಶ್ಚಿಂತೆ.

ಅವಳು ಸುಧಾರಿಸಿದಳು ಅಕ್ಕಾ. ಮೆಟ್ಟಿಲು ಹತ್ತಿ ಓಡತೊಡಗಿದಳು, ನಗತೊಡಗಿದಳು. ಬೇರೆ ಯಾವ ಅಪ್ಪನಾದರೂ ಕುಣಿಯುತ್ತಿದ್ದ. ನಾನು ಹಿಟ್ಟಿನ ಮೇಜಿಗೆ ಒರಗಿಕೊಂಡು ನಿಂತುಬಿಟ್ಟೆ.

ನಿನ್ನ ಕಾಗದ ಓದಿದ ಮೇಲೆ ಇವಳಿಗೆ ಎಲ್ಲ ಹೇಳಿದೆ. ಹಣೆ ಚಚ್ಚಿಕೊಂಡಳು, ಆಮೇಲೆ ಮಗುವನ್ನೆತ್ತಿಕೊಂಡು ಮುಂದೆ ಹೊರಟಳು. ಮಕ್ಕಳ ಡಾಕ್ಟರು ನಿನ್ನ ಡಾಕ್ಟರ ಮಾತನ್ನೇ ಹೇಳಿದರು. ಮತ್ತೆ ಕೆಲವು ವಾರ ದಿನವೂ ಗೋಧಿ ತಿನ್ನಿಸಬೇಕು, ಆಮೇಲೆ ರಕ್ತ. ನಾನು ಬೇಡಿಕೊಂಡೆ. "ಸುಧಾರಿಸಿದ್ದಾಳಲ್ಲ, ಸಾಲದಾ?" ಅಂದೆ. "ಜೀವಮಾನದ ಪಥ್ಯ ಕಣ್ರೀ. ಊಹೆ ಮೇಲೆ ಹಾಕೋದಾ?" ಅಂದರು.

ನಿನ್ನೆ ಬೆಳಗ್ಗೆ ಪುಟ್ಟದೊಂದು ಬನ್ನು ಬೇಯಿಸಿ ಕೊಟ್ಟೆ. "ಅಪ್ಪಾ, ನನ್ನ ಹಲ್ಲು ಸರಿಹೋಯ್ತಾ?" ಅಂದಳು. ಹೂಂ ಅಂದೆ. ಎರಡು ಕೈಯಲ್ಲಿ ಹಿಡಿದು ತಿಂದಳು. ಕಣ್ಣು ಮುಚ್ಚಿಕೊಂಡು ತಿಂದಳು ಅಕ್ಕಾ, ಅಷ್ಟು ಖುಷಿ.

ನಾನೂ ರಕ್ತ ಕೊಟ್ಟು ಬಂದೆ.

ತಮ್ಮ


ಅಕ್ಟೋಬರ್ ೧೬

ಅಕ್ಕಾ,

ನನ್ನ ರಕ್ತದಲ್ಲಿ ಈಗ ಏನೂ ಇಲ್ಲವಂತೆ. ಖುಷಿಯಾಗಲಿಲ್ಲ.

ಮಗುವಿಗೆ ನೋವು ಮತ್ತೆ ಬಂದಿದೆ. ಮೊದಲ ವಾರ ಕೇಳಿ ಕೇಳಿ ತಿಂದಳು. ಈಗ ತಿಂದೆ ಅಂತ ಬರಿಗೈ ತೋರಿಸುತ್ತಾಳೆ. ನಿನ್ನೆ ಮೂಟೆ ಸರಿಸಿದರೆ ಹಿಂದೆ ಕಚ್ಚಿ ಬಿಟ್ಟ ಬನ್ನಿನ ತುಂಡುಗಳು. ಕೂರಿಸಿಕೊಂಡು, "ಬೇಡ ಅಂತ ಹೇಳಬಾರದಾ ಪುಟ್ಟಾ?" ಅಂದೆ.

"ನೀನು ಮಾಡಿದ್ದಲ್ವಾ ಅಪ್ಪಾ. ಬೇಡ ಅಂದ್ರೆ ನಿಂಗೆ ಬೇಜಾರಾಗುತ್ತೆ."

ಡಾಕ್ಟರಿಗೆ ಹೇಳಿದೆ. ಸಹಿಸಲಾರದಷ್ಟಾದರೆ ಕೂಡಲೇ ಕರೆತನ್ನಿ, ಇಲ್ಲದಿದ್ದರೆ ಮುಂದಿನ ತಿಂಗಳ ಮೊದಲ ವಾರದವರೆಗೆ ತಿನ್ನಿಸಿ ಅಂದರು. ಇಷ್ಟು ವರ್ಷ ಊರಿಗೆಲ್ಲ ಬ್ರೆಡ್ಡು ತಿನ್ನಿಸಿದ ಕೈ, ಈಗ ಒಂದು ತುಂಡು ಮುರಿಯಲು ಹಿಂಜರಿಯುತ್ತದೆ. ರಿಪೋರ್ಟ್ ಹೌದು ಅಂತ ಬರಲಿ ಅಂತ ಬೇಡಿಕೊಳ್ಳಲಾ, ಅಲ್ಲ ಅಂತ ಬರಲಿ ಅಂತ ಬೇಡಿಕೊಳ್ಳಲಾ? ಅಲ್ಲ ಅಂತ ಬಂದರೆ ಈ ನೋವು ಯಾವುದು ಅಂತ ನಿನ್ನ ಹಾಗೆ ಹುಡುಕುತ್ತಾ ಕೂರಬೇಕು.

ನಿನ್ನ ದನಿ ಕೇಳಬೇಕು ಅನ್ನಿಸುತ್ತದೆ.

ತಮ್ಮ


ನವೆಂಬರ್ ೧

ತಮ್ಮಾ,

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಅವಳ ರಕ್ತ ತೆಗೆದಾಗಿರುತ್ತದೆ. ಹಾಗಿದ್ದರೆ ಬನ್ನನ್ನು ನಿಲ್ಲಿಸುವುದಾ, ಹೇಗೆ ಅಂತ ಡಾಕ್ಟರನ್ನೇ ಕೇಳು. ಈ ಸಲ ನೀನಾಗಿ ಏನೂ ಮಾಡಬೇಡ.

ಅವಳಿಗೆ ಸುಳ್ಳು ಹೇಳಬೇಡ, ಹಲ್ಲಿನ ಕತೆ ಸಾಕು. "ಅತ್ತೆಗೆ ಆಗೋದಿಲ್ವಲ್ಲ, ಹಾಗೇ ನಿನಗೂ ಇರಬಹುದು" ಅನ್ನು. ಒಬ್ಬಳೇ ಅಲ್ಲ ಅಂತ ಗೊತ್ತಾಗಲಿ. ನಿನಗೆ ಬೇಜಾರಾಗದಿರಲಿ ಅಂತ ನೋವು ನುಂಗುತ್ತಾಳಲ್ಲ, ಅದು ನಮ್ಮನೆಯ ಬುದ್ಧಿ. ನಿನಗೆ ಕೇಳಿಸಬಾರದು ಅಂತ ನಾನು ಅರ್ಧ ವರ್ಷ ಫೋನ್ ಎತ್ತಲಿಲ್ಲ. ಅದನ್ನಾದರೂ ಅವಳಿಗೆ ಕಲಿಸದೆ ಇರೋಣ.

ನನ್ನ ಮಟ್ಟಿಗೆ, ಮೆಟ್ಟಿಲ ನಡುವೆ ಈಗ ಕೂರುವುದಿಲ್ಲ. ಸ್ವೆಟರ್ ಇನ್ನೂ ಇದೆ. ಯಂತ್ರಕ್ಕೆ ಬೇರೆ ಯಾರೋ ಹುಡುಗಿಯ ದನಿ ತುಂಬಿಸಿದರು, ಚೆನ್ನಾಗಿದೆ. ನನ್ನನ್ನು ವಿಚಾರಣೆಯ ಕಿಟಕಿಯಲ್ಲಿ ಕೂರಿಸಿದ್ದಾರೆ. ಜನ ಬಗ್ಗಿ ನನ್ನ ಮುಖ ನೋಡುತ್ತಾರೆ, ಮತ್ತೆ ನನ್ನ ದನಿ ಕೇಳುತ್ತಾರೆ, ಮತ್ತೆ ಮುಖ ನೋಡುತ್ತಾರೆ. ಮೊನ್ನೆ ಬಚ್ಚಲಿನಲ್ಲಿ ಒಂದು ಪದ ಹಳೆಯ ಹಾಗೆ ಬಂದಂತಾಯಿತು. ಮತ್ತೆ ಹೇಳಿ ನೋಡಿದರೆ ಇರಲಿಲ್ಲ. ಭಯ ಹೋಗಿಲ್ಲ ಕಣೋ, ಅದಕ್ಕೂ ಯಾವುದಾದರೂ ಮಾತ್ರೆ ಇದ್ದರೆ ಕೇಳಬೇಕು.

ರಿಪೋರ್ಟ್ ಬಂದ ದಿನ ಕಾಗದ ಬರೆಯುತ್ತಾ ಕೂರಬೇಡ. ಕಾಗದ ದಾರಿಯಲ್ಲಿರುವಷ್ಟು ದಿನ ನಾನು ಬದುಕಿರಲಾರೆ. ಹೌದಾಗಲಿ, ಅಲ್ಲವಾಗಲಿ, ಆಸ್ಪತ್ರೆಯ ಬಾಗಿಲಲ್ಲೇ ನಿಂತು ಫೋನ್ ಮಾಡು. ಬನ್ನಮ್ಮನ ಕೈಗೂ ಕೊಡು.

ಗಂಡಸಿನ ದನಿ ಕೇಳಿದರೆ ರಾಂಗ್ ನಂಬರ್ ಅಂತ ಇಟ್ಟುಬಿಡಬೇಡ. ನಾನೇ ಎತ್ತಿರುತ್ತೇನೆ.

ಅಕ್ಕ